ಕಾಗೆಯ ಬುದ್ಧಿ: ಸವಡಿಯಿಂದ ವಿಯೆನ್ನಾವರೆಗೆ

ಪಂಚತಂತ್ರವನ್ನು 1031ರ ಸುಮಾರಿಗೆ ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಊರು ಕಿಸುಕಾಡು ನಾಡಿನ ಸಯ್ಯಡಿ. ಅದೇ ಇಂದಿನ ರೋಣ ತಾಲ್ಲೂಕಿನ ಸವಡಿ ಎನ್ನುತ್ತಾರೆ ವಿದ್ವಾಂಸರು. ಪಂಚತಂತ್ರದ ಕಾಗೆ ಮಂತ್ರಾಲೋಚನೆಯನ್ನೂ ಬಲ್ಲದು, ಮೋಸವನ್ನೂ ಬಲ್ಲದು. ಸಂಸ್ಕೃತದ ಕಾಕೋಲೂಕೀಯದಲ್ಲಂತೂ ಮುದಿ ಮಂತ್ರಿ ಕಾಗೆ ಶರಣು ಬಂದಂತೆ ನಟಿಸಿ ಗೂಬೆಗಳ ಕುಲವನ್ನೇ ಸುಡಿಸುತ್ತದೆ. ಕಥೆಗಾರರು ಎಂದೋ ಒಪ್ಪಿಕೊಂಡ ಈ ಜಾಣತನವನ್ನು ವಿಜ್ಞಾನ ಒರೆಗೆ ಹಚ್ಚಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ಹೆಚ್ಚಾಗಿ ಒರೆಗೆ ಸಿಕ್ಕಿದ್ದು ರೇವನ್, ಕಾಗೆ ಕುಲದ ದೊಡ್ಡಣ್ಣ. ಭಾರತದಲ್ಲಿ ಅದು ರಾಜಸ್ಥಾನ, ಹಿಮಾಲಯದ ಕಡೆ ಉಂಟು. ನರಗುಂದದ ಗುಡ್ಡ, ಗಜೇಂದ್ರಗಡದ ಕೋಟೆಯ ಸುತ್ತ ನಮಗೆ ಕಾಣುವುದು ಬೂದು ಕೊರಳಿನ ಊರುಕಾಗೆ ಮತ್ತು ಮೈಯೆಲ್ಲ ಕಪ್ಪಾದ ಕಾಡುಕಾಗೆ.

ಮೊದಲ ಘಟ್ಟ ಲೆಕ್ಕದ್ದು. ಜರ್ಮನಿಯ ಒಟ್ಟೊ ಕೋಲರ್ ಪಳಗಿಸಿದ ಯಾಕೋಬ್ ಎಂಬ ರೇವನ್ ಮುಚ್ಚಳದ ಮೇಲಿನ ಚುಕ್ಕೆಗಳನ್ನು ನೋಡಿ ಸರಿಯಾದ ಡಬ್ಬಿ ತೆರೆಯುತ್ತಿತ್ತು. ಆದರೆ ಅದು ಕಲಿಸಿದ ವಿದ್ಯೆ. ಸರ್ಕಸ್ಸಿನ ಆಟಕ್ಕೂ ಅದಕ್ಕೂ ಏನು ಅಂತರ ಎಂದು ಕೇಳಿದವರ ಬಾಯಿ ಮುಚ್ಚಿಸುವುದು ಸುಲಭವಿರಲಿಲ್ಲ.

ಅಮೆರಿಕದ ಬರ್ಂಡ್ ಹೈನ್ರಿಕ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಲಿಸುವವರೇ ಇರಲಿಲ್ಲ. ಕೊಂಬೆಗೆ ಕಟ್ಟಿದ ದಾರ, ಕೆಳತುದಿಗೆ ಮಾಂಸ. ರೇವನ್ ಬಗ್ಗಿ ದಾರವನ್ನು ಕೊಕ್ಕಿನಿಂದ ಎಳೆಯಿತು, ಎಳೆದಷ್ಟನ್ನು ಕಾಲಡಿ ಒತ್ತಿ ಹಿಡಿಯಿತು, ಮತ್ತೆ ಬಗ್ಗಿತು. ಹೀಗೆ ಐದಾರು ಸಲ ಎಳೆದು ಮಾಂಸ ಮೇಲಕ್ಕೆ ತಂದಿತು. ಓಡಿಸಿದರೆ ಮಾಂಸ ಬಿಟ್ಟು ಹಾರಿತು. ಅದು ದಾರಕ್ಕೆ ಕಟ್ಟಿದೆ ಎಂಬುದು ಅದಕ್ಕೆ ತಿಳಿದಂತಿತ್ತು.

ನಂತರ ಸುದ್ದಿಗಳು ಸಾಲುಗಟ್ಟಿದವು. 2002ರಲ್ಲಿ ಆಕ್ಸ್‌ಫರ್ಡ್‌ನ ಬೆಟ್ಟಿ ಎಂಬ ನ್ಯೂ ಕ್ಯಾಲಿಡೋನಿಯದ ಕಾಗೆ ತಂತಿ ಬಗ್ಗಿಸಿ ಕೊಕ್ಕೆ ಮಾಡಿತು. 2009ರಲ್ಲಿ ಕಾಗೆಯ ಬಂಧು ರೂಕ್ ಹಕ್ಕಿ ಕೊಳವೆಗೆ ಕಲ್ಲು ಹಾಕಿ ನೀರೇರಿಸಿತು. ಶಾಲೆಯಲ್ಲಿ ಓದಿದ ಹೂಜಿಯ ಕಥೆಗೆ ಸಾಕ್ಷಿ ಸಿಕ್ಕಿತು. 2016ರಲ್ಲಿ ನರಕೋಶ ಎಣಿಸಿದಾಗ ರೇವನ್‌ನ ಪುಟ್ಟ ಮಿದುಳಿನಲ್ಲಿ ಇನ್ನೂರು ಕೋಟಿಗೂ ಮೀರಿ ಸಿಕ್ಕವು. ಮರುವರ್ಷ ಸ್ವೀಡನ್ನಿನ ಲುಂಡ್‌ನಲ್ಲಿ ರೇವನ್‌ಗಳು ನಾಳೆ ಬೇಕಾಗುವ ಉಪಕರಣವನ್ನು ಇಂದೇ ಆರಿಸಿಟ್ಟುಕೊಂಡವು. ಇದು ಮುಂದಾಲೋಚನೆಯೋ ಬರೀ ರೂಢಿಯೋ ಎಂಬ ತಕರಾರೂ ಕೂಡಲೇ ಎದ್ದಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು ವಿಯೆನ್ನಾದ ಥಾಮಸ್ ಬುಗ್ನ್ಯಾರ್ ತಂಡ 2016ರಲ್ಲಿ ಹೊರತಂದ ಕೆಲಸ. ಗೋಡೆಯಲ್ಲೊಂದು ಇಣುಕುಕಿಂಡಿ, ಆಚೆಯಿಂದ ಮುದ್ರಿಸಿದ ರೇವನ್ ದನಿ. ಹಕ್ಕಿ ಮಾತ್ರ ಇಲ್ಲ. ಕಿಂಡಿ ತೆರೆದಿದ್ದರೆ ಈಚೆಯ ರೇವನ್ ಯಾರೋ ನೋಡುತ್ತಿದ್ದಾರೆ ಎಂಬಂತೆ ಅವಸರದಲ್ಲಿ ತಿನಿಸು ಬಚ್ಚಿಟ್ಟಿತು; ಮುಚ್ಚಿದ್ದರೆ ಆ ಅವಸರವಿಲ್ಲ. ತಾನು ಹಿಂದೆ ಅದೇ ಕಿಂಡಿಯಲ್ಲಿ ಇಣುಕಿದ್ದ ಅನುಭವವನ್ನು ಅದು ಇನ್ನೊಬ್ಬರಿಗೆ ಹಚ್ಚಿ ನೋಡಿತು. ಕೊಕ್ಕೆ, ಕಲ್ಲುಗಳಿಗಿಂತ ಈ ಗುಮಾನಿಯೇ ಬುದ್ಧಿಗೆ ದೊಡ್ಡ ಪುರಾವೆ.

ಊರುಕಾಗೆಯೂ ರೊಟ್ಟಿ ಚೂರನ್ನು ಬಚ್ಚಿಡುತ್ತದೆ, ಕದಿಯುತ್ತದೆ. ಪಿತೃಪಕ್ಷದಲ್ಲಿ ಎಡೆ ಇಟ್ಟು ಕಾಗೆಯ ದಾರಿ ಕಾಯುವ ನಾವು ಉಳಿದ ದಿನ ಅದನ್ನು ಅಟ್ಟುತ್ತೇವೆ. ಅದರ ನಡವಳಿಕೆಯ ಮೇಲೆ ಇಂಥ ಕೆಲಸ ನಮ್ಮಲ್ಲಿ ತೀರ ಕಡಿಮೆ. ರೋಣ, ನರಗುಂದ, ಗಜೇಂದ್ರಗಡದ ವಿಜ್ಞಾನ ಶಿಕ್ಷಕರು ಮನಸ್ಸು ಮಾಡಿದರೆ ಹಕ್ಕಿ ಹಿಡಿಯದೆ, ಕೂಡಿಹಾಕದೆ ಶುರುಮಾಡಬಹುದು: ಬಚ್ಚಿಡುವಾಗ ಪಕ್ಕದಲ್ಲಿ ಇನ್ನೊಂದು ಕಾಗೆ ಇತ್ತೇ, ಆಮೇಲೆ ಜಾಗ ಬದಲಿಸಿತೇ ಎಂದು ಮಕ್ಕಳಿಂದ ಬರೆಸಿಡಿ. ಒಂದು ವಹಿ ಸಾಕು.