ಡ್ಯಾಂಡಿನಾಂಗ್ ಡೈರಿ 23: ಕಿವಿಗೆ ಕೂರಬೇಕಲ್ಲ!

ನೈಟ್ ಡ್ಯೂಟಿ ಮುಗಿಸಿ ಬಂದು ಬರೀತಾ ಇದ್ದೀನಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಜಾತ್ರೆಯ ಡೊಳ್ಳು ಕುಣಿತದ ವಿಡಿಯೋ ಅಣ್ಣ ಕಳಿಸಿದ್ದನಲ್ಲ, ಅದನ್ನ ಡ್ಯಾಂಡಿನಾಂಗ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯ್ತಾ ಕೇಳಿದೆ. ಡೊಳ್ಳು ತಗಡಿನ ಡಬ್ಬ ಬಡಿದ ಹಾಗಿತ್ತು. ಇಯರ್‌ಫೋನ್ ಕೆಟ್ಟಿತು ಅಂದುಕೊಂಡು ಬೆರಳಲ್ಲಿ ಒತ್ತಿ ಹಿಡಿದರೆ, ಅದೇ ಡೊಳ್ಳು ಗುಡುಗಿತು! ಕೆಟ್ಟಿರಲಿಲ್ಲ, ನನ್ನ ಕಿವಿಗೆ ಸಡಿಲ ಅಷ್ಟೇ. ಸಂದಿಯಿದ್ದರೆ ಮೊದಲು ಸೋರಿಹೋಗೋದು ದಪ್ಪ ದನಿ, ಉಳಿಯೋದು ಕೀರಲು. ಗದ್ದಲದ ಕೆಲಸದವರು ಕಿವಿಗೆ ಇಟ್ಟುಕೊಳ್ಳುವ ಫೋಮ್ ಬಿರಡೆ ತಂದು ಅರ್ಧಕ್ಕೆ ಕತ್ತರಿಸಿದೆ. ಚರ್ಮಕ್ಕೆ ತೂತು ಹಾಕುವ ಪಂಚ್‌ನಿಂದ ನಡುವೆ ತೂತು ಮಾಡಿ, ರಬ್ಬರ್ ತುದಿ ಕಿತ್ತು ಅದನ್ನೇ ಸಿಕ್ಕಿಸಿದೆ. ಬೆರಳಲ್ಲಿ ಹೊಸೆದು ಕಿವಿಗಿಟ್ಟರೆ ನಿಧಾನಕ್ಕೆ ಉಬ್ಬಿ ಕೂರುತ್ತೆ. (ಬಿಗಿಯಾಗಿ ಸಿಕ್ಕಿಸಿ, ಫೋಮ್ ಕಿವಿಯೊಳಗೇ ಉಳಿದರೆ ಫಜೀತಿ. ರಸ್ತೆ ದಾಟುವಾಗ ಹಾಕ್ಕೋಬೇಡಿ.)

ಈ ಪರದಾಟಕ್ಕೆ ದೊಡ್ಡ ಚರಿತ್ರೆಯೇ ಇದೆ. ನಮ್ಮ ಕುತ್ತಿಗೆಯ ಸ್ಟೆತಸ್ಕೋಪ್ ಹುಟ್ಟಿದ್ದೇ ಒಂದು ದಿಢೀರ್ ಉಪಾಯದಿಂದ. 1816ರಲ್ಲಿ ಪ್ಯಾರಿಸ್‌ನ ಡಾಕ್ಟರ್ ಲೆನೆಕ್, ಹೆಂಗಸಿನ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ಕಾಗದ ಸುತ್ತಿ ಕೊಳವೆ ಮಾಡಿ ಕೇಳಿದ. ಎರಡೂ ಕಿವಿಗೆ ಹಾಕುವಂಥದ್ದು ಬಂದದ್ದು 1850ರ ದಶಕದಲ್ಲಿ. ಅದರ ತುದಿ ಮೂಗಿನ ಕಡೆಗೆ ವಾಲಿರಬೇಕು. ಬಿಎಸ್ಸಿ ಮೊದಲ ವರ್ಷ ಉಲ್ಟಾ ಹಾಕ್ಕೊಂಡು, ಪೇಷೆಂಟ್‌ಗೆ ಎದೆಬಡಿತವೇ ಇಲ್ಲ ಅಂತ ಗಾಬರಿಬಿದ್ದವರಲ್ಲಿ ನಾನೂ ಒಬ್ಬಳು. ಇನ್ನು ಹೆಡ್‌ಫೋನು? 1910ರ ಸುಮಾರಿಗೆ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಅನ್ನುವವನು ಅಡುಗೆಮನೆಯಲ್ಲೇ ಜೋಡಿಸಿ ನೌಕಾಪಡೆಗೆ ಮಾರುತ್ತಿದ್ದ.

ನನಗೆ ತುಂಬಾ ಇಷ್ಟವಾದದ್ದು ಮಾತ್ರ ಇಲ್ಲಿಯದೇ ಕಥೆ. ಗ್ರೇಮ್ ಕ್ಲಾರ್ಕ್ ಸಿಡ್ನಿ ಹತ್ತಿರದ ಕ್ಯಾಮ್ಡನ್‌ನವರು. ಅವರ ತಂದೆಗೆ ಔಷಧಿ ಅಂಗಡಿ, ಆದರೆ ಕಿವಿ ಮಂದ. ನಾಲ್ಕು ಜನರೆದುರು ಗಿರಾಕಿ ತನ್ನ ಕಾಯಿಲೆಯನ್ನ ಕೂಗಿ ಹೇಳಬೇಕಾದರೆ ಇಬ್ಬರಿಗೂ ಎಷ್ಟು ಮುಜುಗರ, ಯೋಚಿಸಿ. ಮಗ ಕಿವಿ ಡಾಕ್ಟರಾಗಿ, 1970ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರಾಗಿ ಬಂದರು. ಪೂರ್ತಿ ಕಿವುಡಾದವರ ಒಳಗಿವಿಗೆ ತಂತಿ ಇಳಿಸಿ, ವಿದ್ಯುತ್ತಿನಿಂದ ಸದ್ದನ್ನ ನೇರ ನರಕ್ಕೇ ಮುಟ್ಟಿಸಬೇಕು ಅನ್ನೋದು ಅವರ ಹಟ. ಒಳಗಿವಿಯ ಕಾಕ್ಲಿಯಾ ನೋಡಿದ್ದೀರಲ್ಲ, ಬಸವನಹುಳದ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು. ತಂತಿ ಸ್ವಲ್ಪ ದೂರ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಜೋರು ಮಾಡಿದರೆ ಒಳಗೆ ಗಾಯ.

1977ರಲ್ಲಿ ರಜೆಗೆ ಅಂತ ಸಿಡ್ನಿಯ ದಕ್ಷಿಣಕ್ಕಿರುವ ಮಿನ್ನಮುರ್ರಾ ಕಡಲತೀರಕ್ಕೆ ಹೋದರು. ಅಲ್ಲಿ ಬಿದ್ದಿದ್ದ ಸುರುಳಿ ಚಿಪ್ಪೊಂದನ್ನ ಎತ್ತಿಕೊಂಡು, ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡಕ್ಕೆ ಬರ್ತಾ ಬರ್ತಾ ಗಟ್ಟಿಯಾಗುವ ಎಸಳು ಸುತ್ತುಸುತ್ತಿಕೊಂಡು ಸಲೀಸಾಗಿ ಒಳಗೆ ಹೋಯಿತು! ತಂತಿಯೂ ಹಾಗೇ ಇರಬೇಕು ಅಂತ ಆಗ ಹೊಳೆಯಿತು. 1978ರ ಆಗಸ್ಟ್ 1ರಂದು ಮೆಲ್ಬರ್ನ್‌ನ ರಾಯಲ್ ವಿಕ್ಟೋರಿಯನ್ ಐ ಅಂಡ್ ಇಯರ್ ಹಾಸ್ಪಿಟಲ್‌ನಲ್ಲಿ, ಅಪಘಾತದಲ್ಲಿ ಶ್ರವಣಶಕ್ತಿ ಕಳೆದುಕೊಂಡಿದ್ದ ರಾಡ್ ಸಾಂಡರ್ಸ್ ಅನ್ನುವವರಿಗೆ ಆಪರೇಷನ್ ಆಯಿತು. ಆಮೇಲೆ ಪರೀಕ್ಷೆಗೆ ಅಂತ ರಾಷ್ಟ್ರಗೀತೆ ನುಡಿಸಿದಾಗ ಆತ ಎದ್ದು ನಿಂತುಬಿಟ್ಟರಂತೆ. ಇದನ್ನ ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತೆ. ಈಗ ಆ ಉಪಕರಣ ಮಾಡುವ ಕಂಪನಿಯ ಮುಖ್ಯ ಕಚೇರಿ ಸಿಡ್ನಿಯಲ್ಲಿದೆ.

ಇಷ್ಟೆಲ್ಲ ಬರೆದದ್ದು ನಮ್ಮ ದೊಡ್ಡಪ್ಪನ ಸಲುವಾಗಿ. ಅವರ ಕಿವಿ ಮಿಷನ್ನು ಸ್ಟೀಲ್ ಡಬ್ಬಿಯಲ್ಲಿ ಮಲಗಿ ಎಷ್ಟು ಕಾಲವಾಯಿತು? "ಕುಂಯ್ ಅನ್ನುತ್ತೆ, ಬೇಡ" ಅಂದುಬಿಟ್ಟರು. ಈಗ ನಾನು ಫೋನ್ ಮಾಡಿದರೂ ದೊಡ್ಡಮ್ಮನ ಕೈಗೆ ಕೊಟ್ಟು ಜಗಲಿಗೆ ಹೋಗ್ತಾರೆ. ಆ ಕುಂಯ್ ಸದ್ದಿಗೂ ಹೆಚ್ಚಾಗಿ ಸಡಿಲವೇ ಕಾರಣ: ಮಿಷನ್ನಿನ ಸದ್ದು ಸಂದಿಯಿಂದ ಸೋರಿ ಮತ್ತೆ ಅದರ ಮೈಕಿಗೇ ಹೋಗುತ್ತೆ. ವಯಸ್ಸಾದಂತೆ ಕಿವಿಯ ಆಕಾರ ಬದಲಾಗುತ್ತೆ, ಹಳೇ ಅಚ್ಚು ಹಿಡಿಯಲ್ಲ. ನನ್ನ ಫೋಮ್ ಕಸರತ್ತು ಅವರ ಮಿಷನ್ನಿಗೆ ಖಂಡಿತ ಮಾಡಬೇಡಿ.

ಅಣ್ಣಾ, ಈ ತಿಂಗಳಲ್ಲೇ ಒಂದು ದಿನ ಬಿಡುವು ಮಾಡ್ಕೋ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕಿವಿಯ ಅಳತೆ ತೆಗೆದು ಹೊಸ ಅಚ್ಚು ಮಾಡಿಕೊಡ್ತಾರೆ. ಹೋಗುವಾಗ ಮಿಷನ್ನು, ಹಳೇ ಅಚ್ಚು, ಟೆಸ್ಟ್ ಚೀಟಿ ಮೂರೂ ತಗೊಂಡು ಹೋಗು. ಕಿವಿಯಲ್ಲಿ ಗುಗ್ಗೆ ಇದ್ದರೆ ಮೊದಲು ಅಲ್ಲೇ ತೆಗೆಸು, ಕಡ್ಡಿ ಹಾಕಬೇಡ. ದೊಡ್ಡಪ್ಪ ಬರಲ್ಲ ಅಂದರೆ ವಿಡಿಯೋ ಕಾಲ್ ಮಾಡು, ಗೋಗರೆಯೋ ಕೆಲಸ ನನಗಿರಲಿ.