ಸ್ವಂತ ಅಂಕಣವಿಲ್ಲದ ಶಾಲೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಮಿತಿಯವರು ಕೇಳಿದಾಗ ನಾನು ಒಂದು ಷರತ್ತು ಹಾಕಿದೆ. ನಮ್ಮ ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ಊರಿನಲ್ಲೇ ಇದ್ದಾರೆ. ನಾನು ಉದ್ಯೋಗದ ನಿಮಿತ್ತ ಕೆಲವು ವರ್ಷ ಇದ್ದ ಅಮೆರಿಕದ ಜೆರ್ಸಿ ಸಿಟಿಯಲ್ಲಿ ಇನ್ನೊಂದು ಬಡ ಶಾಲೆ ಇತ್ತು. ಅದರ ಚರಿತ್ರೆ ಬರೆದುಕೊಡುತ್ತೇನೆ ಎಂದೆ. ಅದಕ್ಕೂ ನಮಗೂ ಏನು ಸಂಬಂಧ ಎಂದು ಒಬ್ಬರು ಕೇಳಿದರು. ಓದಿ ನೋಡಿ ಎಂದಷ್ಟೇ ಹೇಳಿದೆ.

ಆ ಶಾಲೆಯ ಹೆಸರು ಸೇಂಟ್ ಆಂಥೊನಿ ಹೈಸ್ಕೂಲ್. ಅದು ಹೆಸರು ಮಾಡಿದ್ದು ಬ್ಯಾಸ್ಕೆಟ್‌ಬಾಲ್ ಆಟದಲ್ಲಿ. ನಮ್ಮದು ಕಬಡ್ಡಿ, ಖೋಖೋ, ವಾಲಿಬಾಲ್ ಊರು. ಬ್ಯಾಸ್ಕೆಟ್‌ಬಾಲನ್ನು ನಮ್ಮಲ್ಲಿ ಹೆಚ್ಚಿನವರು ಟಿವಿಯಲ್ಲೇ ನೋಡಿರುವುದು. ಆ ಆಟ ಹುಟ್ಟಿದ್ದು ಒಬ್ಬ ಡ್ರಿಲ್ ಮೇಷ್ಟ್ರ ತಲೆಯಲ್ಲಿ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಚಳಿಗಾಲಕ್ಕೆ ಹೊರಗೆ ಹೋಗಲಾರದೆ ಒಳಗೇ ಗಲಾಟೆ ಮಾಡುತ್ತಿದ್ದ ಹುಡುಗರನ್ನು ಸುಧಾರಿಸಲು ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲೆ ಕಟ್ಟಿಸಿ, 13 ನಿಯಮ ಬರೆದು, ಆಟ ಆಡಿಸಿದರು. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು ಮದರಾಸಿಗೆ ಬಂದು 1920ರಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ಹಳೆಯ ಮೈಸೂರಿನ ಅನೇಕ ಡ್ರಿಲ್ ಮೇಷ್ಟ್ರುಗಳು ಅಲ್ಲಿ ತರಬೇತಿ ಪಡೆದು ಬಂದವರು. ಕೊರಳಿಗೆ ಸೀಟಿ ನೇತುಹಾಕಿಕೊಂಡ ನಮ್ಮ ಮೇಷ್ಟ್ರುಗಳಿಗೂ ಅಲ್ಲಿಯ ಮೇಷ್ಟ್ರುಗಳಿಗೂ ಮೂಲದಲ್ಲಿ ಒಂದೇ ಮನೆತನ.

ಜೆರ್ಸಿ ಸಿಟಿ ಹಡ್ಸನ್ ನದಿಯ ಈ ದಡದಲ್ಲಿದೆ. ಆ ದಡದಲ್ಲಿ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು. ಒಂದು ಕಾಲಕ್ಕೆ ಇದು ರೈಲು, ಹಡಗು, ಕಾರ್ಖಾನೆಗಳ ಊರು. ನಾವು ಹಲ್ಲುಜ್ಜುವ ಕೋಲ್ಗೇಟ್‌ನ ದೊಡ್ಡ ಕಾರ್ಖಾನೆ ಇದ್ದದ್ದು ಇಲ್ಲೇ. ಕಾರ್ಖಾನೆ ಹೋಯಿತು, ಅದರ ದೈತ್ಯ ಗಡಿಯಾರ ಮಾತ್ರ ನದಿ ದಂಡೆಯಲ್ಲಿ ಉಳಿದಿದೆ. ಪೋಲೆಂಡಿನಿಂದ ವಲಸೆ ಬಂದ ಕಾರ್ಮಿಕರ ಚರ್ಚಿಗೆ ಸೇರಿದಂತೆ 1952ರಲ್ಲಿ ಸೇಂಟ್ ಆಂಥೊನಿ ಪ್ರೌಢಶಾಲೆ ಶುರುವಾಯಿತು. ಫೆಲಿಸಿಯನ್ ಪಂಥದ ಸನ್ಯಾಸಿನಿಯರು ಅದನ್ನು ನಡೆಸಿದರು. ಕ್ರಮೇಣ ಪೋಲಿಷ್ ಕುಟುಂಬಗಳು ಊರು ಬಿಟ್ಟವು. ಕಪ್ಪು ಜನರ, ಸ್ಪ್ಯಾನಿಷ್ ಮಾತಾಡುವವರ ಬಡ ಮನೆಗಳ ಮಕ್ಕಳು ಬಂದರು. ಸರ್ಕಾರದ ಶಾಲೆ ಅಲ್ಲವಾದ್ದರಿಂದ ಶುಲ್ಕ ಮತ್ತು ದಾನದಿಂದಲೇ ಅದು ನಡೆಯಬೇಕಿತ್ತು. ಶುಲ್ಕ ಕಟ್ಟಲಾಗದವರೇ ಹೆಚ್ಚು.

ಇಂಥ ಶಾಲೆಗೆ 1972ರಲ್ಲಿ ಬಾಬ್ ಹರ್ಲಿ ಮುಖ್ಯ ತರಬೇತುದಾರರಾದರು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಅವರದು ಅದೇ ಊರು, ತಂದೆ ಪೊಲೀಸ್. ಹರ್ಲಿಯವರ ಹೊಟ್ಟೆಪಾಡಿನ ಕೆಲಸ ಪ್ರೊಬೇಷನ್ ಅಧಿಕಾರಿಯದು. ಅಪರಾಧ ಮಾಡಿ ಕೋರ್ಟಿನಿಂದ ಷರತ್ತಿನ ಮೇಲೆ ಹೊರಬಂದವರ ಮೇಲೆ ನಿಗಾ ಇಡುವುದು, ಅವರು ಕೆಲಸಕ್ಕೆ ಹೋಗುತ್ತಿದ್ದಾರೋ ಇಲ್ಲವೋ ನೋಡುವುದು. ಹಗಲೆಲ್ಲ ದಾರಿ ತಪ್ಪಿದ ಯುವಕರ ಕಡತ, ಸಂಜೆ ಇನ್ನೂ ದಾರಿ ತಪ್ಪದ ಹುಡುಗರ ತರಬೇತಿ. ಈ ಎರಡು ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡದಿದ್ದರೆ ಅವರ ಬಿಗಿ ಯಾಕೆ ಅಷ್ಟಿತ್ತು ಎಂಬುದು ಅರ್ಥವಾಗುವುದಿಲ್ಲ. ಮಾದಕ ವಸ್ತುವಿನ ಹತ್ತಿರ ಹೋಗುವುದಿಲ್ಲ ಎಂದು ಹುಡುಗರು ಸಹಿ ಹಾಕಿಕೊಡಬೇಕಿತ್ತು. ರಾತ್ರಿ ಹೊತ್ತಿಗೆ ಸರಿಯಾಗಿ ಮನೆಯಲ್ಲಿರಬೇಕಿತ್ತು. ಯಾವ ಬೀದಿಯ ಮೂಲೆಯಲ್ಲಿ ಯಾರು ನಿಲ್ಲುತ್ತಾರೆ ಎಂಬುದು ಅವರಿಗೆ ಕಚೇರಿಯಲ್ಲೇ ತಿಳಿಯುತ್ತಿತ್ತು.

ಶಾಲೆಗೆ ಸ್ವಂತ ಅಂಕಣವೇ ಇರಲಿಲ್ಲ. ಅಮೆರಿಕದಲ್ಲಿ ಇದು ಊಹಿಸಲಾಗದ ಮಾತು. ಅಲ್ಲಿ ಸಾಧಾರಣ ಹಳ್ಳಿ ಶಾಲೆಗೂ ಮರದ ನೆಲದ ಒಳಾಂಗಣ ಇರುತ್ತದೆ. ಸೇಂಟ್ ಆಂಥೊನಿ ಹುಡುಗರು ಬಹುಕಾಲ ಅಭ್ಯಾಸ ಮಾಡಿದ್ದು ನೆವಾರ್ಕ್ ಅವೆನ್ಯೂ ಬೀದಿಯ ವೈಟ್ ಈಗಲ್ ಹಾಲ್ ಎಂಬ ಹಳೆಯ ಸಭಾಂಗಣದಲ್ಲಿ. ಅಲ್ಲಿ ಬಿಂಗೊ ಜೂಜು ನಡೆಯುತ್ತಿತ್ತು. ಇದೇ ಬೀದಿಯಲ್ಲಿ ಮೇಲಕ್ಕೆ ನಡೆದರೆ ಇಂಡಿಯಾ ಸ್ಕ್ವೇರ್. ದೋಸೆ ಹೋಟೆಲು, ಸೀರೆ ಅಂಗಡಿ, ದಿನಸಿ ಅಂಗಡಿಗಳ ಸಾಲು. ನಮ್ಮ ಕಡೆಯವರು ಕೊತ್ತಂಬರಿ, ತೆಂಗಿನಕಾಯಿ ಕೊಳ್ಳಲು ಹೋಗುವ ಬೀದಿಯ ಇನ್ನೊಂದು ತುದಿಯಲ್ಲಿ ಇಂಥ ಚರಿತ್ರೆ ನಡೆದಿತ್ತು ಎಂದು ನಮ್ಮವರಲ್ಲಿ ಬಹುಮಂದಿಗೆ ತಿಳಿದೇ ಇರಲಿಲ್ಲ. ನನಗೂ ತಿಳಿದದ್ದು ಆಫೀಸಿನ ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ.

ಹರ್ಲಿ ತಂಡದ ಬಂಡವಾಳ ರಕ್ಷಣೆಯ ಆಟ. ಎತ್ತರದ ಹುಡುಗರು ಸಿಗದಿದ್ದರೂ, ಎದುರಾಳಿಗೆ ಉಸಿರಾಡಲು ಬಿಡದಂತೆ ಅಂಕಣದ ಉದ್ದಕ್ಕೂ ಒಬ್ಬೊಬ್ಬರ ಬೆನ್ನು ಹತ್ತುವುದು. ಇದಕ್ಕೆ ಹಣ ಬೇಕಿಲ್ಲ, ದಮ್ಮು ಬೇಕು. ಸಹಾಯಕ ತರಬೇತುದಾರರಾಗಿ ಅದೇ ಶಾಲೆಯಲ್ಲಿ ಆಡಿದವರೂ ಬಂದು ನಿಂತರು. ಸ್ವತಃ ಹರ್ಲಿಯವರ ಕಿರಿಯ ಮಗ ಡ್ಯಾನ್, ಕಾಲೇಜು ಮುಗಿಸಿದ ಮೇಲೆ ಒಂದು ವರ್ಷ ಅಪ್ಪನ ಕೈಕೆಳಗೆ ಸಹಾಯಕರಾಗಿದ್ದರು.

1988-89ರ ತಂಡವನ್ನು ಇಂದಿಗೂ ಅಲ್ಲಿಯವರು ನೆನೆಯುತ್ತಾರೆ. ಹಿರಿಯ ಮಗ ಬಾಬಿ ಹರ್ಲಿ, ಟೆರಿ ಡೆಹೆರ್, ರೋಡ್ರಿಕ್ ರೋಡ್ಸ್ ಅದರಲ್ಲಿದ್ದರು. ಮೂವರೂ ಮುಂದೆ ವೃತ್ತಿಪರ ಎನ್.ಬಿ.ಎ. ಆಟಕ್ಕೆ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಒಂದೂ ಪಂದ್ಯ ಸೋಲದ ಆ ತಂಡಕ್ಕೆ ದೇಶದಲ್ಲೇ ಮೊದಲ ಸ್ಥಾನ ಸಿಕ್ಕಿತು. ಅಲ್ಲಿ ಪ್ರೌಢಶಾಲೆಗಳಿಗೆ ನಮ್ಮ ಹಾಗೆ ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಏರಿ ರಾಷ್ಟ್ರಮಟ್ಟಕ್ಕೆ ಹೋಗುವ ಮೆಟ್ಟಿಲಿಲ್ಲ. ರಾಜ್ಯ ಪ್ರಶಸ್ತಿಯೇ ಕೊನೆ. ರಾಷ್ಟ್ರದ ಸ್ಥಾನವನ್ನು ಪತ್ರಿಕೆಗಳು ಲೆಕ್ಕಹಾಕಿ ಕೊಡುತ್ತವೆ.

ಹರ್ಲಿಯವರು ಗೆದ್ದ ಪಂದ್ಯಗಳು ಸಾವಿರ ದಾಟಿದವು, ರಾಜ್ಯ ಪ್ರಶಸ್ತಿಗಳು 25ನ್ನು ಮೀರಿದವು. 2010ರಲ್ಲಿ ಅವರ ಹೆಸರು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೈಸ್ಮಿತ್ ಸ್ಮರಣೆಯ ಗೌರವ ಭವನ ಸೇರಿತು. ಪ್ರೌಢಶಾಲೆಯ ತರಬೇತುದಾರರಿಗೆ ಆ ಮನ್ನಣೆ ಬಲು ಅಪರೂಪ. ಆದರೆ ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು ಲೆಕ್ಕ. 39 ವರ್ಷಗಳಲ್ಲಿ ಇಬ್ಬರನ್ನು ಬಿಟ್ಟು ಅವರ ಆಟಗಾರರೆಲ್ಲ ಕಾಲೇಜು ಸೇರಿದ್ದಾರೆಂದು 2011ರಲ್ಲಿ ಅಲ್ಲಿನ ಪ್ರಸಿದ್ಧ ಟಿವಿ ಕಾರ್ಯಕ್ರಮವೊಂದು ವರದಿ ಮಾಡಿತು. ಶುಲ್ಕಕ್ಕೇ ಪರದಾಡುವ ಮನೆಗಳಿಂದ! ಅಭ್ಯಾಸದಲ್ಲಿ ಅವರು ಹುಡುಗರನ್ನು ಕೂಗಾಡಿ ಬೈಯುತ್ತಿದ್ದ ರೀತಿ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಅದನ್ನು ನಾನು ಮೆಚ್ಚಲಾರೆ. ಬೆತ್ತದ ಕಾಲದಲ್ಲಿ ಓದಿದ ನಮಗೆ, ಬೈಗುಳವಿಲ್ಲದೆಯೂ ಕಲಿಸಿದ ಮೇಷ್ಟ್ರುಗಳು ಗೊತ್ತು. ಆದರೂ ಕಾಲೇಜುಗಳಿಂದ ಹೆಚ್ಚಿನ ಸಂಬಳದ ಕರೆ ಬಂದಾಗ ಹೋಗದೆ ಅಲ್ಲೇ ಉಳಿದವರು ಎಂಬುದನ್ನೂ ಹೇಳಬೇಕು.

ಅಲ್ಲಿ 'ಪ್ರೆಪ್' ಶಾಲೆ ಎಂಬ ಮಾತಿದೆ. ಕಾಲೇಜಿಗೆ ಸಿದ್ಧಗೊಳಿಸುವ ಖಾಸಗಿ ಶಾಲೆ ಎಂದರ್ಥ. ಅವುಗಳಲ್ಲಿ ಕೆಲವು ಈಗ ಬ್ಯಾಸ್ಕೆಟ್‌ಬಾಲಿಗೇ ಹೆಸರಾಗಿವೆ. ವರ್ಜೀನಿಯಾದ ಓಕ್ ಹಿಲ್ ಅಕಾಡೆಮಿಯಲ್ಲಿ ಕಾರ್ಮೆಲೊ ಆಂಥೊನಿ, ಕೆವಿನ್ ಡ್ಯುರಾಂಟ್ ಒಂದೊಂದು ವರ್ಷ ಆಡಿ ಮುಂದೆ ಹೋದರು. ಒಂದು ವರ್ಷ ಇದ್ದು ಹೋದವನನ್ನು ಆ ಊರಿನವರು ನಮ್ಮ ಹುಡುಗ ಎನ್ನಬಹುದೇ? ನನಗೆ ಅನುಮಾನ. ಪಕ್ಕದ ನೆವಾರ್ಕ್ ನಗರದ ಸೇಂಟ್ ಬೆನೆಡಿಕ್ಟ್ಸ್ ಪ್ರೆಪ್ ಬೇರೆ ರೀತಿಯದು. 1967ರ ದಂಗೆಯ ನಂತರ ನಗರ ಬರಿದಾಗಿ 1972ರಲ್ಲಿ ಆ ಶಾಲೆ ಮುಚ್ಚಿತು. ಮಠ ಬಿಟ್ಟು ಹೋಗದೆ ಉಳಿದ ಸನ್ಯಾಸಿಗಳು ಮರುವರ್ಷವೇ ಅದನ್ನು ಮತ್ತೆ ತೆರೆದರು. ದಾನಿಗಳ ನೆರವಿನಿಂದ ಅದು ಇಂದಿಗೂ ನಡೆಯುತ್ತಿದೆ. ಡ್ಯಾನ್ ಹರ್ಲಿ 2001ರಿಂದ ಒಂಬತ್ತು ವರ್ಷ ಅಲ್ಲಿ ತರಬೇತುದಾರರಾಗಿದ್ದರು. ಆಮೇಲೆ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡಕ್ಕೆ 2023, 2024ರಲ್ಲಿ ಸತತವಾಗಿ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟರು.

ಅಪ್ಪನ ಶಾಲೆಗೆ ಆ ಭಾಗ್ಯವಿರಲಿಲ್ಲ. ಮಕ್ಕಳ ಸಂಖ್ಯೆ ಇನ್ನೂರಕ್ಕೂ ಕೆಳಗಿಳಿಯಿತು. ಹರ್ಲಿ ಊರೂರು ಸುತ್ತಿ ದಾನ ಎತ್ತಿದರು, ತಾವೇ ಶಾಲೆಯ ಆಡಳಿತದ ಹೊಣೆಯನ್ನೂ ಹೊತ್ತರು. ಪ್ರತಿ ವರ್ಷ ಹೇಗೋ ಆ ವರ್ಷದ ಖರ್ಚು ಹೊಂದುತ್ತಿತ್ತು, ಮುಂದಿನ ವರ್ಷಕ್ಕೆ ಮತ್ತೆ ಮೊದಲಿನಿಂದ. ಠೇವಣಿ ಎಂಬುದು ಬೆಳೆಯಲೇ ಇಲ್ಲ. 2017ರ ಜೂನ್‌ನಲ್ಲಿ ಸೇಂಟ್ ಆಂಥೊನಿ ಮುಚ್ಚಿತು. ಕಪಾಟಿನ ತುಂಬ ಇದ್ದ ಪದಕಗಳು ಅದನ್ನು ಉಳಿಸಲಿಲ್ಲ. ಅದೇ ವರ್ಷ ವೈಟ್ ಈಗಲ್ ಹಾಲ್ ನವೀಕರಣಗೊಂಡು ಸಂಗೀತ ಕಚೇರಿಗಳ ರಂಗಮಂದಿರವಾಗಿ ತೆರೆಯಿತು.

ನಮ್ಮ ಶಾಲೆಗೆ ಸರ್ಕಾರದ ಸಂಬಳವಿದೆ, ಸ್ವಂತ ಮೈದಾನವಿದೆ. ಇವೆರಡೂ ಸೇಂಟ್ ಆಂಥೊನಿಗೆ ಇರಲಿಲ್ಲ. ಆದರೆ ನಾನು ಓದುವಾಗ ಎಂಟನೇ ತರಗತಿಗೆ ಎರಡು ವಿಭಾಗಗಳಿದ್ದವು, ಈಗ ಒಂದೇ. ದೈಹಿಕ ಶಿಕ್ಷಕರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿ ಇದೆ. ಮಹೋತ್ಸವದ ಖರ್ಚು ಕಳೆದು ಉಳಿಯುವ ಹಣವನ್ನು ಕಮಾನಿಗೆ ಹಾಕುವುದೋ, ಠೇವಣಿ ಇಟ್ಟು ಅದರ ಬಡ್ಡಿಯಲ್ಲಿ ಒಬ್ಬ ತರಬೇತುದಾರರಿಗೆ ಗೌರವಧನ ಕೊಡುವುದೋ ಎಂಬ ಚರ್ಚೆ ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ನಡೆದಿದೆ. ಕಾರ್ಯಕ್ರಮದ ಮರುದಿನ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಅದರ ಸಭೆ ಇದೆ. ನನ್ನ ಮತ ಠೇವಣಿಗೆ.