ಬೆಳಗೊಳದಿಂದ ಬೀದರಿನವರೆಗೆ: ಕ್ಷೇತ್ರಗಳನ್ನು ಕಾಯ್ದ ಕರಾರುಗಳು

ತೀರ್ಥಯಾತ್ರೆ ಎಂದರೆ ತಮ್ಮ ತಮ್ಮ ದೇವರ ಬಳಿಗೆ ಹೋಗಿಬರುವುದು ಎಂಬುದು ಸಾಮಾನ್ಯ ತಿಳುವಳಿಕೆ. ಆದರೆ ಕರ್ನಾಟಕದಲ್ಲಿ ನಾಲ್ಕು ದಿನ ತಿರುಗಾಡಿದವರಿಗೆ ಇನ್ನೊಂದು ಬಗೆಯ ಯಾತ್ರೆಯೂ ತಾನಾಗಿ ಒದಗಿಬರುತ್ತದೆ. ಬಸದಿ ನೋಡಲು ಹೊರಟವರು ಹಾದಿಯಲ್ಲಿ ಚೆಲುವನಾರಾಯಣನಿಗೂ ಕೈಮುಗಿಯುತ್ತಾರೆ. ದರ್ಗಾದಲ್ಲಿ ಸಕ್ಕರೆ ಓದಿಸಲು ಹೋದವರು ಗುರುದ್ವಾರದಲ್ಲಿ ಪಂಕ್ತಿಗೆ ಕುಳಿತು ಊಟ ಮಾಡಿಕೊಂಡು ಬರುತ್ತಾರೆ.

ಇದನ್ನು ಕಂಡು ನಾವು ‘ನಮ್ಮದು ಸಾಮರಸ್ಯದ ನಾಡು’ ಎಂದು ಹೇಳಿ ಮುಂದೆ ಹೋಗುತ್ತೇವೆ. ಮಾತು ಸುಳ್ಳಲ್ಲ. ಆದರೆ ಇತಿಹಾಸವನ್ನು ಓದುವವರು ಅಲ್ಲಿಗೇ ನಿಲ್ಲುವಂತಿಲ್ಲ. ಅಕ್ಕಪಕ್ಕದ ಕ್ಷೇತ್ರಗಳವರ ನಡುವೆ ಜಗಳವೇ ಆಗಲಿಲ್ಲವೆ? ಆದಾಗ ತೀರ್ಮಾನ ಮಾಡಿದವರು ಯಾರು? ಕಾವಲಿನ ಖರ್ಚು ಕೊಟ್ಟವರು ಯಾರು? ಈ ಪ್ರಶ್ನೆಗಳಿಗೆ ನಮ್ಮ ಶಾಸನಗಳಲ್ಲಿಯೂ ನಡೆದುಬಂದ ಪದ್ಧತಿಗಳಲ್ಲಿಯೂ ಉತ್ತರವಿದೆ. ಅಂಥ ಕೆಲವು ಸ್ಥಳಗಳನ್ನು ಇಲ್ಲಿ ನೋಡೋಣ.

ಬೆಟ್ಟದ ಕೆಳಗಿನ ಊರು

ಶ್ರವಣಬೆಳಗೊಳಕ್ಕೆ ಹೋದವರು ಮೊದಲು ಏರುವುದು ವಿಂಧ್ಯಗಿರಿಯನ್ನು. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ, ಗಂಗರ ಮಂತ್ರಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ಮಾಡಿಸಿದ ಗೊಮ್ಮಟೇಶ್ವರನ ಮುಂದೆ ನಿಲ್ಲುತ್ತೇವೆ. 2018ರಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ದೇಶದ ಮೂಲೆಮೂಲೆಗಳಿಂದ ಜನ ಇಲ್ಲಿಗೆ ಬಂದರು. ಆದರೆ ಬೆಟ್ಟ ಇಳಿದ ಮೇಲೆ ಊರೊಳಗಿನ ಬಸದಿಗಳನ್ನು ನೋಡುವವರು ಕಡಿಮೆ. ನಮ್ಮ ವಿಷಯ ಇರುವುದು ಅಲ್ಲಿ.

ಊರಿನ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಆಚಿಯಕ್ಕ. ಅವಳು ಜೈನಳು. ಅವಳ ಗಂಡ ಚಂದ್ರಮೌಳಿ ಹೊಯ್ಸಳ ಇಮ್ಮಡಿ ಬಲ್ಲಾಳನ ಮಂತ್ರಿ. ಅವನು ಶಿವಭಕ್ತನಾದ ಬ್ರಾಹ್ಮಣ. ಹೆಂಡತಿಯ ಬಸದಿಗಾಗಿ ಅರಸನಲ್ಲಿ ಬಿನ್ನಹ ಮಾಡಿ ಒಂದು ಊರನ್ನು ದತ್ತಿಯಾಗಿ ಕೊಡಿಸಿದವನು ಈ ಗಂಡನೇ. ಒಂದೇ ಮನೆಯೊಳಗೆ ಎರಡು ದೇವರ ಪೂಜೆ ನಡೆಯುತ್ತಿದ್ದ ಕಾಲ ಅದು. ಆದರೆ ಆ ಕಾಲವನ್ನು ಈ ಒಂದು ಮನೆಯಿಂದಲೇ ಅಳೆದರೆ ತಪ್ಪಾಗುತ್ತದೆ. ಅದೇ ಶತಮಾನದ ಇನ್ನೊಂದು ಕಲ್ಲು ಬೇರೆಯದೇ ಕಥೆ ಹೇಳುತ್ತದೆ.

ಅಬ್ಬಲೂರಿನ ಜಯಪತ್ರ

ಆ ಕಲ್ಲು ಇರುವುದು ಉತ್ತರಕ್ಕೆ, ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಕಾಲದ ಶಾಸನವಿದೆ. ಅದು ಏಕಾಂತದ ರಾಮಯ್ಯ ಎಂಬ ಶಿವಭಕ್ತನ ವೃತ್ತಾಂತ. ಶಿವನೊಬ್ಬನೇ ದೇವರೆಂದು ರಾಮಯ್ಯ, ಒಪ್ಪಲಾರೆವೆಂದು ಊರಿನ ಜೈನರು. ಮಾತು ಬೆಳೆದು ಪಂಥಕ್ಕೆ ಮುಟ್ಟಿತು. ರಾಮಯ್ಯ ತನ್ನ ತಲೆಯನ್ನು ಕೊಯ್ದಿಟ್ಟು ಮರಳಿ ಪಡೆದರೆ ಜಿನನನ್ನು ತೆಗೆದು ಶಿವನನ್ನು ಸ್ಥಾಪಿಸಬೇಕೆಂದು ಓಲೆ ಬರೆದುಕೊಂಡರು. ರಾಮಯ್ಯ ತಲೆಯನ್ನು ಮರಳಿ ಪಡೆದನೆಂದೂ, ಜೈನರು ಮಾತಿಗೆ ತಪ್ಪಿದರೆಂದೂ, ಆಗ ಅವನು ಜಿನಬಿಂಬವನ್ನು ಒಡೆದನೆಂದೂ ಶಾಸನ ಹೇಳುತ್ತದೆ. ಜೈನರು ಕಲ್ಯಾಣದ ಬಿಜ್ಜಳನಲ್ಲಿ ದೂರು ಕೊಟ್ಟರು. ಮತ್ತೊಮ್ಮೆ ಪಂಥ ಕಟ್ಟಲು ರಾಮಯ್ಯ ಸಿದ್ಧನಿದ್ದರೂ ಅವರು ಒಪ್ಪಲಿಲ್ಲ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಬರೆದುಕೊಟ್ಟ. ಈ ಪ್ರಸಂಗವನ್ನು ತೋರಿಸುವ ಶಿಲ್ಪಗಳೂ ಅದೇ ಗುಡಿಯಲ್ಲಿವೆ.

ಪವಾಡದ ಮಾತನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಇದು ಗೆದ್ದವರು ಬರೆಸಿದ ಶಾಸನ, ಸೋತವರ ಮಾತು ಇದರಲ್ಲಿ ಇಲ್ಲ ಎಂಬುದನ್ನು ಮಾತ್ರ ಮರೆಯಬಾರದು. ನಮಗೆ ಮುಖ್ಯವಾದದ್ದು ತೀರ್ಪಿನ ಬಗೆ. ಎರಡು ಪಕ್ಷದವರು ಅರಸನ ಮುಂದೆ ನಿಂತಾಗ ಅವನು ಒಬ್ಬರಿಗೆ ಜಯಪತ್ರ ಕೊಟ್ಟ. ಇನ್ನೊಬ್ಬರು ಸೋತು ಮನೆಗೆ ಹೋದರು. ಜಗಳ ಮುಗಿಯಿತು, ಜೊತೆಗೆ ಒಂದು ಬಸದಿಯೂ ಮುಗಿಯಿತು.

1368ರ ತೀರ್ಪು

ಸುಮಾರು ಇನ್ನೂರು ವರ್ಷಗಳ ನಂತರ ಅಂಥದೇ ಜಗಳ ವಿಜಯನಗರದ ಬುಕ್ಕರಾಯನ ಮುಂದೆ ಬಂತು. ಅದರ ತೀರ್ಪು ಬೆಳಗೊಳದ ಭಂಡಾರಿ ಬಸದಿಯ ಬಳಿ ಕಲ್ಲಿನ ಮೇಲಿದೆ. ಶಕವರ್ಷ 1290, ಕೀಲಕ ಸಂವತ್ಸರ, ಎಂದರೆ ಕ್ರಿ.ಶ. 1368. ಬೆಳಗೊಳದ ಶಾಸನಗಳನ್ನು ಲೂಯಿ ರೈಸ್ 1889ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು, ಮುಂದೆ ಆರ್. ನರಸಿಂಹಾಚಾರ್ ಅದನ್ನು ಪರಿಷ್ಕರಿಸಿದರು. ಐದುನೂರಕ್ಕೂ ಹೆಚ್ಚಿರುವ ಆ ಶಾಸನಗಳಲ್ಲಿ ಇದರ ಸ್ಥಾನ ವಿಶಿಷ್ಟವಾದದ್ದು.

ಜೈನರಿಗೂ ‘ಭಕ್ತ’ರಿಗೂ, ಎಂದರೆ ಶ್ರೀವೈಷ್ಣವರಿಗೂ, ಜಗಳವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮುಂತಾದ ನಾಡುಗಳ ಜೈನರು ತಮಗೆ ಅನ್ಯಾಯವಾಗುತ್ತಿದೆ ಎಂದು ಅರಸನಲ್ಲಿ ಬಿನ್ನಹ ಮಾಡಿಕೊಂಡರು. ಬುಕ್ಕರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನು ಮೊದಲುಮಾಡಿಕೊಂಡು ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಸೇರಿಸಿದ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತವೆ. ಶಾಸನ ನಿಲ್ಲಿಸುವುದಿಲ್ಲ. ಭೇದವಿಲ್ಲ ಎಂಬ ಮಾತಿನಿಂದ ಯಾರ ಹೊಟ್ಟೆಯೂ ತುಂಬದು, ಯಾವ ಬಸದಿಯ ಬಾಗಿಲೂ ಉಳಿಯದು ಎಂದು ಬಲ್ಲವರು ಬರೆಸಿದ ಶಾಸನ ಇದು. ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆಯೇ ಜೈನರಿಗೆ ಸಲ್ಲುತ್ತವೆ ಎಂದು ಮೊದಲು ಹೇಳುತ್ತದೆ. ಮೆರವಣಿಗೆಯ ವಾದ್ಯದ ಮರ್ಯಾದೆ ಎಂಥ ಸೂಕ್ಷ್ಮವಾದ ವಿಷಯವೆಂದು ಊರಿನ ಜಾತ್ರೆಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಆಮೇಲೆ, ಭಕ್ತರಿಂದ ಜೈನರಿಗೆ ಹಾನಿಯಾದರೂ ವೃದ್ಧಿಯಾದರೂ ವೈಷ್ಣವರು ಅದನ್ನು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ಎಣಿಸಬೇಕು. ಈ ಶಾಸನವನ್ನು ರಾಜ್ಯದ ಎಲ್ಲ ಬಸದಿಗಳಲ್ಲಿ ನೆಡಿಸುವ ಕೆಲಸವೂ ವೈಷ್ಣವರದ್ದೇ.

ಕೊನೆಗೆ ಹಣದ ಮಾತು. ರಾಜ್ಯದ ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡಬೇಕು. ತಿರುಮಲೆಯ ತಾತಯ್ಯ ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಮೈಗಾವಲಿನವರನ್ನು ಇಡಬೇಕು. ಉಳಿದ ಹಣದಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ತಪ್ಪಿದವರು ರಾಜದ್ರೋಹಿಗಳು, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಗಳು.

ಈ ಏರ್ಪಾಡನ್ನು ಎರಡು ಕಡೆಯಿಂದಲೂ ನೋಡಬೇಕು. ಕಾವಲಿನ ಖರ್ಚು ಬಿದ್ದದ್ದು ಅನ್ಯಾಯವಾಯಿತೆಂದು ದೂರಿದವರ ಮೇಲೆಯೇ. ಸಮಬಲರ ನಡುವಿನ ಒಪ್ಪಂದ ಇದಲ್ಲ. ಶಾಸನ ಶುರುವಾಗುವುದೂ ರಾಮಾನುಜರ ಸ್ತುತಿಯಿಂದಲೇ. ಆಗ ಯಾರ ಕೈ ಮೇಲಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ. ಆದರೂ ಅಬ್ಬಲೂರಿಗೂ ಇದಕ್ಕೂ ಇರುವ ಅಂತರ ದೊಡ್ಡದು. ಇಲ್ಲಿ ಜಯಪತ್ರವಿಲ್ಲ. ಪ್ರಬಲರಾದವರ ಹೆಗಲ ಮೇಲೆ ಅರಸ ಹೊಣೆ ಹೊರಿಸಿದ್ದಾನೆ. ಯಾರಿಂದ ಭಯವಿತ್ತೋ ಅವರನ್ನೇ ಕಾವಲಿಗೆ ನಿಲ್ಲಿಸಿದ್ದಾನೆ.

ಅಷ್ಟೂರಿನ ಗುಮ್ಮಟ

ಬೆಳಗೊಳದಲ್ಲಿ ಇದ್ದದ್ದು ರಾಜಾಜ್ಞೆ. ಅರಸನ ಆಜ್ಞೆಯಿಲ್ಲದೆ, ಬರೀ ರೂಢಿಯಿಂದ ಉಳಿದುಬಂದ ಏರ್ಪಾಡುಗಳೂ ಇವೆ. ಅವುಗಳನ್ನು ನೋಡಲು ರಾಜ್ಯದ ಇನ್ನೊಂದು ತುದಿಗೆ, ಬೀದರಿಗೆ, ಹೋಗಬೇಕು.

ಬೀದರಿನ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲಿದೆ. ಅವುಗಳಲ್ಲಿ ಅಹಮದ್ ಷಾನ ಗುಮ್ಮಟದೊಳಗೆ ಕಾಲಿಟ್ಟರೆ ಬಣ್ಣಬಣ್ಣದ ಗೋಡೆಗಳ ಮೇಲೆ ಚಿನ್ನದ ಅಕ್ಷರಗಳು ಕಾಣುತ್ತವೆ. ಇರಾನಿನ ಕಿರ್ಮಾನದ ಸೂಫಿ ಸಂತ ಷಾ ನಿಯಾಮತುಲ್ಲಾನ ಪದ್ಯಗಳೂ ಅಲ್ಲಿವೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಈ ಸುಲ್ತಾನ 1436ರಲ್ಲಿ ತೀರಿಕೊಂಡ. ವಿಜಯನಗರದ ಮೇಲೂ ವಾರಂಗಲ್ಲಿನ ಮೇಲೂ ಯುದ್ಧಕ್ಕೆ ಹೋದವನು ಇವನು. ಆ ಯುದ್ಧಗಳ ಕ್ರೌರ್ಯವನ್ನು ಚರಿತ್ರಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ಜನ ನೆನಪಿಟ್ಟುಕೊಂಡದ್ದು ಬೇರೆ ಸಂಗತಿಯನ್ನು. ಬರಗಾಲದಲ್ಲಿ ಇವನು ಪ್ರಾರ್ಥಿಸಿದಾಗ ಮಳೆ ಬಂತಂತೆ. ಅಂದಿನಿಂದ ‘ವಲಿ’, ಎಂದರೆ ಸಂತ, ಎಂಬ ಹೆಸರು ಬಂತು.

ಸುತ್ತಮುತ್ತಲಿನ ಅನೇಕ ಲಿಂಗಾಯತ ಭಕ್ತರಿಗೆ ಈ ಸುಲ್ತಾನನೇ ಅಲ್ಲಮಪ್ರಭು. ಅಲ್ಲಮ ಹನ್ನೆರಡನೆಯ ಶತಮಾನದವನು, ಸುಲ್ತಾನ ಹದಿನೈದನೆಯ ಶತಮಾನದವನು. ಈ ಲೆಕ್ಕ ಭಕ್ತಿಗೆ ಅಡ್ಡ ಬಂದಿಲ್ಲ. ಇಲ್ಲಿನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರೊಬ್ಬರು ಭಕ್ತರೊಡನೆ ನಡೆದುಕೊಂಡು ಬರುತ್ತಾರೆ. ಶಂಖ ಊದಿ, ತೆಂಗಿನಕಾಯಿ ಒಡೆದು, ಗೋರಿಗೆ ಹೂವೇರಿಸುತ್ತಾರೆ. ಮುಸಲ್ಮಾನರು ತಮ್ಮ ಪದ್ಧತಿಯಂತೆ ಫಾತಿಹಾ ಓದುತ್ತಾರೆ. ಯಾರ ನಂತರ ಯಾರು, ಯಾರ ಕೆಲಸ ಯಾವುದು ಎಂಬುದು ಹಿರಿಯರ ಕಾಲದಿಂದ ಬಂದ ಕ್ರಮ. ಇಬ್ಬರೂ ಕೂಡಿದರೆ ಮಾತ್ರ ಉರುಸು ಪೂರ್ತಿಯಾಗುತ್ತದೆ.

ಝೀರಾದ ನೀರು

ಬೀದರಿನಲ್ಲಿಯೇ ಇನ್ನೊಂದು ಕಡೆ ನಾನಕ್ ಝೀರಾ ಇದೆ. ಝೀರಾ ಎಂದರೆ ಒರತೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಗುರುನಾನಕರು ದಕ್ಷಿಣದ ಯಾತ್ರೆಯಲ್ಲಿ ಇಲ್ಲಿಗೆ ಬಂದರೆಂದು ಸಿಖ್ಖರ ಪರಂಪರೆ ಹೇಳುತ್ತದೆ. ಸಿಹಿನೀರಿಲ್ಲದೆ ಜನ ಕಷ್ಟಪಡುತ್ತಿದ್ದರು. ಗುರುಗಳು ಕಾಲಿನಿಂದ ಒಂದು ಕಲ್ಲನ್ನು ಸರಿಸಿದರು, ಸಿಹಿನೀರು ಉಕ್ಕಿತು. ಮುಂದೆ 1699ರಲ್ಲಿ ಗುರು ಗೋವಿಂದಸಿಂಗರು ಖಾಲ್ಸಾ ಸ್ಥಾಪಿಸಿದಾಗ ಮುಂದೆ ಬಂದ ಐವರು ‘ಪಂಜ್ ಪ್ಯಾರೆ’ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೇ. ಈಗಿರುವ ಗುರುದ್ವಾರ 1948ರಲ್ಲಿ ಕಟ್ಟಿದ್ದು.

ಬೀದರಿನ ನೆಲ ಜಂಬಿಟ್ಟಿಗೆ ಕಲ್ಲಿನದು. ಮಳೆಯ ನೀರು ಅದರೊಳಗೆ ಇಳಿದು ತಗ್ಗಿನ ಅಂಚುಗಳಲ್ಲಿ ಒರತೆಯಾಗಿ ಹೊರಬರುತ್ತದೆ. ಅದೇ ಊರಿನ ಝರಣಿ ನರಸಿಂಹನ ದರ್ಶನಕ್ಕೆ ಹೋಗುವವರು ಎದೆಮಟ್ಟದ ನೀರಿನಲ್ಲಿ ಸುರಂಗದೊಳಗೆ ನಡೆಯುತ್ತಾರಲ್ಲ, ಅದೂ ಇಂಥ ಒರತೆಯ ನೀರೇ. ಗುರುದ್ವಾರದ ಲಂಗರಿನಲ್ಲಿ ಕುಲಗೋತ್ರ ಕೇಳದೆ ಊಟ ಬಡಿಸುತ್ತಾರೆ. ನೀರು, ಅನ್ನ ಎರಡನ್ನೂ ಇಲ್ಲಿ ಕಾಯುತ್ತಿರುವುದು ಬಂದವರಿಗೆಲ್ಲ ಕೊಡಬೇಕೆಂಬ ಒಂದು ನಿಯಮ.

ನವೀಕರಿಸಬೇಕಾದ ಕರಾರು

ಈ ಎಲ್ಲ ಕಡೆಯಲ್ಲೂ ಕಾಣುವ ಸಂಗತಿ ಒಂದಿದೆ. ಬೇರೆ ಬೇರೆ ಮತದವರು ಒಂದೇ ನೆಲದಲ್ಲಿ ಬಾಳಿದ್ದು ಒಳ್ಳೆಯ ಮನಸ್ಸಿನಿಂದ ಮಾತ್ರವಲ್ಲ. ಯಾರೋ ಕಾವಲಿಗೆ ನಿಂತರು, ಯಾರೋ ಹಣ ಕೊಟ್ಟರು, ಯಾರೋ ಮೊದಲ ತೆಂಗಿನಕಾಯಿಯ ಹಕ್ಕನ್ನು ಒಪ್ಪಿಕೊಂಡರು. ಅಂಥ ಏರ್ಪಾಡು ಇಲ್ಲದ ಕಡೆ ಅಬ್ಬಲೂರಿನಂತೆ ಒಬ್ಬರಿಗೆ ಜಯಪತ್ರ ಸಿಕ್ಕಿತು, ಇನ್ನೊಬ್ಬರ ಗುಡಿ ಹೋಯಿತು. ಸೋತ ಪಕ್ಷ ಅಲ್ಲಿ ಜೈನರದು. ಬೇರೆ ಕಾಲದಲ್ಲಿ, ಬೇರೆ ಊರಿನಲ್ಲಿ ಬೇರೆಯವರದು.

ಬುಕ್ಕರಾಯನ ಶಾಸನದ ಕೊನೆಯಲ್ಲಿ ಇನ್ನೊಂದು ಮಾತಿದೆ. ಸೂರ್ಯಚಂದ್ರರಿರುವವರೆಗೆ ನಡೆಯಬೇಕೆಂದು ಬರೆಸಿದ ಈ ಕಟ್ಟಳೆಯನ್ನು ಕಲ್ಲೇಹದ ಬುಸುವಿಸೆಟ್ಟಿ ಎಂಬ ವರ್ತಕ ಬುಕ್ಕರಾಯನಲ್ಲಿ ಮತ್ತೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ನವೀಕರಿಸಬೇಕಾಯಿತು. ಆಗ ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಈ ಶಾಸನದ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಶಾಸನದ ಕಲ್ಲೇಹ ಈ ಊರೇ. ಕಲ್ಲಿನಲ್ಲಿ ಕೊರೆದ ಮಾತು ಕೂಡ ತಾನಾಗಿ ಉಳಿಯುವುದಿಲ್ಲ, ಊರಿನವರೊಬ್ಬರು ಎದ್ದುನಿಂತು ಅದನ್ನು ಹೊಸತು ಮಾಡಬೇಕು ಎಂಬುದನ್ನು ಈ ವರ್ತಕ ಬಲ್ಲವನಾಗಿದ್ದ.

ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಬೆಟ್ಟ ಇಳಿದವರು ನೇರ ಬಸ್ಸಿಗೆ ಓಡದೆ ಭಂಡಾರಿ ಬಸದಿಯ ಕಡೆ ಹತ್ತು ನಿಮಿಷ ನಡೆಯಲಿ. ಗೊಮ್ಮಟನಷ್ಟು ಎತ್ತರದ್ದಲ್ಲದಿದ್ದರೂ ಆ ಕಲ್ಲೂ ನೋಡತಕ್ಕದ್ದೇ.